ಖರ್ಚು ಕಮ್ಮಿ ಆಗ್ಬೇಕು, ಪೈಪ್ ಒಡೆದಾಗ ನೀರೂ ನಿಲ್ಲಬಾರದು: ನೆಟ್‌ವರ್ಕ್ ಡಿಸೈನಲ್ಲಿ ಎರಡನ್ನೂ ಹೇಗೆ ಕೂಡಿಸೋದು?

ಪ್ರಶ್ನೆ: ನೀರು ಹಂಚೋ ನೆಟ್‌ವರ್ಕಿನ ಪೈಪ್ ಸೈಜ್ ಆಪ್ಟಿಮೈಸ್ ಮಾಡೋ ಪ್ರಾಜೆಕ್ಟ್ ಮಾಡ್ತಿದೀನಿ. ಮೊದಲು ಜೆನೆಟಿಕ್ ಅಲ್ಗಾರಿದಮ್ (ಡಿಸೈನುಗಳನ್ನ ಬೆರೆಸಿ, ಬದಲಿಸಿ ಒಳ್ಳೇದನ್ನ ಹುಡುಕೋ ಕಂಪ್ಯೂಟರ್ ವಿಧಾನ) ಹಾಕಿ ಬರೀ ಖರ್ಚು ಕಮ್ಮಿ ಮಾಡಿದೆ, ಗೈಡ್ ನೋಡಿ ಇದರಲ್ಲಿ ರಿಲಯಬಿಲಿಟಿ ಎಲ್ಲಿದೆ ಅಂದ್ರು. ಆಮೇಲೆ ರೆಸಿಲಿಯೆನ್ಸ್ ಇಂಡೆಕ್ಸನ್ನ (ಏನಾದ್ರೂ ಒಡೆದಾಗ ತಡ್ಕೊಳ್ಳೋ ಶಕ್ತಿಯನ್ನ ಅಂದಾಜು ಮಾಡೋ ನಂಬರ್) ಎರಡನೇ ಆಬ್ಜೆಕ್ಟಿವ್ ಮಾಡ್ಕೊಂಡೆ. ಈಗ ಪರೇಟೊ ಕರ್ವ್ (ಖರ್ಚು ಏರಿಸ್ದೆ ರಿಲಯಬಿಲಿಟಿ ಏರಿಸೋಕೆ ಆಗದ ಡಿಸೈನುಗಳ ಗೆರೆ) ಬಂದಿದೆ, ಅದರ ಮೇಲೆ ನೂರಾರು ಡಿಸೈನ್ ಇವೆ, ಯಾವುದನ್ನ ಆರಿಸ್ಬೇಕು ಅಂತ ಗೊತ್ತಾಗ್ತಿಲ್ಲ. ರಿಲಯಬಿಲಿಟಿಗೆ ಎಷ್ಟು ಖರ್ಚು ಮಾಡಿದ್ರೆ ಸರಿ ಅಂತ ಹೇಗೆ ನಿರ್ಧಾರ ಮಾಡೋದು?

ಉತ್ತರ: ಕರ್ವ್ ನೋಡ್ಕೊಂಡು ಅದರ ಮೇಲೆ ಯಾವ ಪಾಯಿಂಟ್ ಸರಿ ಅಂತ ಹೇಳೋಕೆ ಯಾರಿಗೂ ಆಗಲ್ಲ, ಯಾಕಂದ್ರೆ ನಿರ್ಧಾರಕ್ಕೆ ಬೇಕಾದ ವಿಷಯ ಆ ಕರ್ವಲ್ಲಿ ಇಲ್ಲವೇ ಇಲ್ಲ. ರಿಲಯಬಿಲಿಟಿ 0.4 ಇದ್ರೆ ಸಾಕಾ 0.6 ಬೇಕಾ ಅಂತ ಕೇಳಿದ್ರೆ ಉತ್ತರ ಸಿಗಲ್ಲ. ಯಾವ ಪೈಪ್ ಒಡೆದಾಗ, ಯಾವ ಏರಿಯಾಗೆ, ಎಷ್ಟು ನೀರು, ಎಷ್ಟು ಹೊತ್ತು ಉಳೀಬೇಕು ಅಂತ ಕೇಳಿದ್ರೆ ಉತ್ತರ ಸಿಗತ್ತೆ, ಅದಕ್ಕೆ ಎಷ್ಟು ಖರ್ಚಾಗತ್ತೆ ಅಂತಾನೂ ಲೆಕ್ಕ ಹಾಕ್ಬಹುದು. ನಾನು ಈ ಉತ್ತರದಲ್ಲಿ ಹೇಳೋದು ಮುಖ್ಯವಾಗಿ ಇದೊಂದೇ ವಿಷಯ, ಆದ್ರೆ ಬರೀ ಮಾತಲ್ಲಿ ಹೇಳಿದ್ರೆ ನಂಬಿಕೆ ಬರಲ್ಲ, ಅದಕ್ಕೆ ಒಂದು ನೆಟ್‌ವರ್ಕ್ ತಗೊಂಡು ಕೈಲೆಕ್ಕ ಮಾಡಿ ತೋರಿಸ್ತೀನಿ, ಸ್ವಲ್ಪ ಉದ್ದ ಆಗತ್ತೆ, ಪೇಪರ್ ಪೆನ್ ಇಟ್ಕೊಂಡು ಓದಿ.

ನಿಮಗೆ ಈಗಾಗಲೇ ಗೊತ್ತಿರೋ ನೆಟ್‌ವರ್ಕನ್ನೇ ತಗೊಳ್ಳೋಣ. ಆಲ್ಪೆರೊವಿಟ್ಸ್ ಮತ್ತು ಶಮೀರ್ 1977ರಲ್ಲಿ ಕೊಟ್ಟ ಎರಡು ಲೂಪಿನ ನೆಟ್‌ವರ್ಕ್, ಈ ಫೀಲ್ಡಲ್ಲಿ ಹೊಸ ಅಲ್ಗಾರಿದಮ್ ಬರೆದವರು ಮೊದಲು ಓಡಿಸಿ ನೋಡೋದು ಹೆಚ್ಚಾಗಿ ಇದರ ಮೇಲೇನೇ. ಒಂದು ರಿಸರ್ವಾಯರ್ (ಅದೇ 1ನೇ ನೋಡ್), ನೀರು ಬೇಕಾಗಿರೋ ನೋಡ್ 6 (ಪೈಪುಗಳು ಸೇರೋ ಜಾಗಕ್ಕೆ ನೋಡ್ ಅಂತಾರೆ, ಇವಕ್ಕೆ 2ರಿಂದ 7ರ ತನಕ ನಂಬರ್), ಪೈಪ್ 8, ಪ್ರತಿ ಪೈಪೂ 1000 ಮೀಟರ್ ಉದ್ದ. ರಿಸರ್ವಾಯರ್ ಹೆಡ್ (ಎತ್ತರ ಮತ್ತು ಒತ್ತಡ ಸೇರಿಸಿ ಮೀಟರಲ್ಲಿ ಹೇಳೋ ನೀರಿನ ಶಕ್ತಿ) 210 ಮೀಟರ್, ಪ್ರತಿ ನೋಡಲ್ಲೂ ಕನಿಷ್ಠ 30 ಮೀಟರ್ ಪ್ರೆಷರ್ ಬೇಕು, ಒಟ್ಟು ಬೇಡಿಕೆ ಗಂಟೆಗೆ 1120 ಘನ ಮೀಟರ್. ಪೈಪಿಗೆ 1 ಇಂಚಿಂದ 24 ಇಂಚಿನ ತನಕ 14 ಸೈಜ್ ಇವೆ. ಇಷ್ಟು ಚಿಕ್ಕ ನೆಟ್‌ವರ್ಕಿಗೇ 147 ಕೋಟಿಗಿಂತ ಜಾಸ್ತಿ ಕಾಂಬಿನೇಷನ್ ಆಗತ್ತೆ. ರಿಸರ್ವಾಯರಿಂದ 1ನೇ ಪೈಪ್ 2ನೇ ನೋಡಿಗೆ ಬರತ್ತೆ, ಅಲ್ಲಿಂದ ಎರಡು ದಾರಿ. ಒಂದು ಕಡೆ 2ನೇ ಪೈಪು 3ನೇ ನೋಡಿಗೆ, ಅಲ್ಲಿಂದ 7ನೇ ಪೈಪು 5ನೇ ನೋಡಿಗೆ. ಇನ್ನೊಂದು ಕಡೆ 3ನೇ ಪೈಪು 4ನೇ ನೋಡಿಗೆ, ಅಲ್ಲಿಂದ 5ನೇ ಪೈಪು 6ಕ್ಕೆ, 6ನೇ ಪೈಪು 7ಕ್ಕೆ. ಈ ಎರಡು ಕವಲನ್ನ ಸೇರಿಸೋದು 4ನೇ ಪೈಪು (4ನೇ ನೋಡಿಂದ 5ಕ್ಕೆ) ಮತ್ತೆ 8ನೇ ಪೈಪು (5ರಿಂದ 7ಕ್ಕೆ).

ಇದಕ್ಕೆ ಗೊತ್ತಿರೋ ಕನಿಷ್ಠ ಖರ್ಚು, ಆ ಉದಾಹರಣೆಯ ಯೂನಿಟಲ್ಲಿ, 4,19,000. ಪೈಪ್ ಸೈಜ್ 1ರಿಂದ 8ರ ತನಕ ವರಸೆಯಾಗಿ 18, 10, 16, 4, 16, 10, 10, 1 ಇಂಚು. ಆ ಕೊನೇ ಎರಡು ಕವಲು ಸೇರಿಸೋ ಪೈಪುಗಳನ್ನ ನೋಡಿ, 4ನೇದು 4 ಇಂಚು, 8ನೇದು 1 ಇಂಚು. ಅಲ್ಗಾರಿದಮ್ ಲೂಪನ್ನ ಹೆಸರಿಗೆ ಮಾತ್ರ ಇಟ್ಟು ನೆಟ್‌ವರ್ಕನ್ನ ಮರದ ಕೊಂಬೆ ಥರ ಮಾಡ್ಬಿಟ್ಟಿದೆ. ಅದು ಅಲ್ಗಾರಿದಮ್ ತಪ್ಪಲ್ಲ, ಎಲ್ಲ ಪೈಪೂ ಸರಿ ಇರೋ ದಿನದ ಲೆಕ್ಕ ಮಾತ್ರ ನೀವು ಕೊಟ್ಟಿದೀರಿ, ಆ ದಿನಕ್ಕೆ ಎರಡನೇ ದಾರಿ ಬೇಕಾಗೇ ಇಲ್ಲ, ಬೇಡದ ದಾರಿಗೆ ಅದು ಖರ್ಚು ಮಾಡ್ಲಿಲ್ಲ. ಕನಿಷ್ಠ ಡಯಾ ಅಂತ ಒಂದು ಮಿತಿ ಹಾಕಿದ್ರೂ ಅಷ್ಟೇ, ಲೂಪ್ ಮುಚ್ಚೋ ಪೈಪು ಸೀದಾ ಆ ಮಿತಿಗೆ ಹೋಗಿ ಕೂತ್ಕೊಳತ್ತೆ.

ಈಗ 3ನೇ ಪೈಪ್ ಒಡೀತು ಅಂತಿಟ್ಕೊಳ್ಳಿ. 4, 6, 7ನೇ ನೋಡುಗಳ ಬೇಡಿಕೆ 120, 330, 200, ಒಟ್ಟು 650, ಅಂದ್ರೆ ಊರಿನ 58 ಪರ್ಸೆಂಟ್ ನೀರು. ಇಷ್ಟೂ ನೀರು ಈಗ ಒಂದು 4 ಇಂಚಿನ ಪೈಪು ಒಂದು 1 ಇಂಚಿನ ಪೈಪಲ್ಲಿ ಬರ್ಬೇಕು. ಬರಲ್ಲ. ಮ್ಯಾಪಲ್ಲಿ ಲೂಪ್ ಕಾಣತ್ತೆ, ನಲ್ಲೀಲಿ ನೀರು ಬರಲ್ಲ.

ಇಲ್ಲಿ ಎಲ್ಲರೂ ಮೊದಲು ಮಾಡೋದು ಆ ಎರಡು ಸಣ್ಣ ಪೈಪನ್ನ ದೊಡ್ಡದು ಮಾಡೋದು. ಆ ಉದಾಹರಣೆಯ ರೇಟಲ್ಲಿ ಮೀಟರಿಗೆ 1 ಇಂಚು 2, 4 ಇಂಚು 11, 10 ಇಂಚು 32, 12 ಇಂಚು 50. ಎರಡನ್ನೂ 10 ಇಂಚು ಮಾಡಿದ್ರೆ 51,000 ಜಾಸ್ತಿ, 12 ಪರ್ಸೆಂಟ್. ಸಾಕಾ? ಸಾಲಲ್ಲ. ಯಾಕಂದ್ರೆ 3ನೇ ಪೈಪ್ ಹೋದ್ರೆ 2ನೇ ನೋಡ್ ದಾಟಿ ಹೋಗೋ 1020 ಘನ ಮೀಟರೂ 2ನೇ ಪೈಪಲ್ಲೇ ಹೋಗ್ಬೇಕು, ಅದು 10 ಇಂಚು, ಹೇಜನ್ ವಿಲಿಯಮ್ಸ್ ಸೂತ್ರದಲ್ಲಿ ಸಿ ವ್ಯಾಲ್ಯೂ (ಪೈಪಿನ ಒಳಮೈ ಎಷ್ಟು ನುಣುಪು ಅಂತ ಹೇಳೋ ನಂಬರ್) 130 ಇಟ್ಟು ಲೆಕ್ಕ ಮಾಡಿದ್ರೆ ಹೆಡ್ ಲಾಸ್, ಅಂದ್ರೆ ಪೈಪಿನ ಘರ್ಷಣೆಗೆ ಹೋಗೋ ಹೆಡ್, ಸುಮಾರು 99 ಮೀಟರ್ ಬರತ್ತೆ, ನೋಡುಗಳ ನೆಲದ ಎತ್ತರ ಕಳೆದ್ರೆ ನಮ್ಮ ಹತ್ರ ಅಷ್ಟು ಹೆಡ್ ಇಲ್ಲವೇ ಇಲ್ಲ. ಲೂಪ್ ಅಂದ್ರೆ ಮುಚ್ಚೋ ಪೈಪ್ ಒಂದೇ ಅಲ್ಲ, ಸುತ್ತಿ ಬರೋ ದಾರಿ ಪೂರ್ತಿ ಅದಕ್ಕೆ ತಯಾರಿರ್ಬೇಕು. ಇದನ್ನ ಮರೆತು ಹಾಕಿದ ಲೂಪಿನ ದುಡ್ಡು ಮಣ್ಣಲ್ಲಿ ಹೂತ ಹಾಗೇ.

ಸರಿ, ದಾರಿ ಪೂರ್ತಿ ದೊಡ್ಡದು ಮಾಡೋಣ, ಆದ್ರೆ ಎಷ್ಟು? ಇಲ್ಲಿ ಬರತ್ತೆ ನೋಡಿ ಅಸಲಿ ಪ್ರಶ್ನೆ. 3ನೇ ಪೈಪ್ ಒಡೆದ ದಿನಾನೂ ಎಲ್ಲ ನೋಡಿಗೂ ಪೂರ್ತಿ ನೀರು, ಹೆಚ್ಚು ಕಮ್ಮಿ 30 ಮೀಟರ್ ಪ್ರೆಷರ್ ಬೇಕು ಅಂದ್ರೆ, ನಾನು ಕೈಲೆಕ್ಕ ಹಾಕಿದ ಪ್ರಕಾರ 1ನೇ ಪೈಪ್ 20 ಇಂಚು, 2ನೇದು 20, 7ನೇದು 18, 4 ಮತ್ತು 8 ತಲಾ 14 ಇಂಚು ಬೇಕಾಗತ್ತೆ. ಹೆಚ್ಚಿಗೆ ಖರ್ಚು 3,83,000, ಅಂದ್ರೆ ಒಟ್ಟು ಖರ್ಚು ಮೊದಲಿನ ಡಿಸೈನಿನ ಹತ್ತಿರ ಹತ್ತಿರ ಎರಡು ಪಟ್ಟು. ಅದೇ, ಆ ದಿನ ತಲಾ 60 ಪರ್ಸೆಂಟ್ ನೀರು ಸಿಕ್ಕಿದ್ರೆ ಸಾಕು, ಪ್ರೆಷರ್ 30 ಇಲ್ದೆ ಇದ್ರೂ ಪರ್ವಾಗಿಲ್ಲ, ನೀರು ತಲುಪಿದ್ರೆ ಆಯ್ತು ಅಂತ ಒಪ್ಕೊಂಡ್ರೆ, 2 ಮತ್ತು 7ನೇ ಪೈಪ್ 12 ಇಂಚು, 4 ಮತ್ತು 8ನೇದು 10 ಇಂಚು ಸಾಕು. ಹೆಚ್ಚಿಗೆ ಖರ್ಚು 87,000, ಸುಮಾರು 21 ಪರ್ಸೆಂಟ್. ಆಗ 5ನೇ ನೋಡಲ್ಲಿ 28 ಮೀಟರ್ ಸಿಗತ್ತೆ, ಎಲ್ಲಕ್ಕಿಂತ ಎತ್ತರದಲ್ಲಿರೋ 6ನೇ ನೋಡಲ್ಲಿ 8 ಮೀಟರ್ ಚಿಲ್ಲರೆ. ಇವೆರಡೂ ಅತ್ಯುತ್ತಮ ಪರಿಹಾರ ಅಂತ ನಾನು ಹೇಳ್ತಿಲ್ಲ, ಕಂಪ್ಯೂಟರಲ್ಲಿ ಹುಡುಕಿದ್ರೆ ಇನ್ನೂ ಸ್ವಲ್ಪ ಕಮ್ಮೀಲಿ ಸಿಗಬಹುದು. ಆದ್ರೆ 21 ಪರ್ಸೆಂಟಿಗೂ 91 ಪರ್ಸೆಂಟಿಗೂ ಇರೋ ಅಂತರ ನೋಡಿ. ಆ ಅಂತರ ಹುಟ್ಟಿದ್ದು ಅಲ್ಗಾರಿದಮಿಂದ ಅಲ್ಲ, ಕೆಟ್ಟ ದಿನದಲ್ಲಿ ಜನಕ್ಕೆ ಏನು ಸಿಗಬೇಕು ಅನ್ನೋ ಒಂದು ವಾಕ್ಯದಿಂದ. ಆ ವಾಕ್ಯ ಬರೀದೆ ಆಪ್ಟಿಮೈಸ್ ಮಾಡಿದ್ರೆ ನೀವು ಆರಿಸಿದ್ದು ಯಾವುದು ಅಂತ ನಿಮಗೇ ಗೊತ್ತಿರಲ್ಲ.

ಪೈಪ್ ಸ್ವಲ್ಪ ದಪ್ಪ ಮಾಡಿದ್ರೆ ಇಷ್ಟು ಲಾಭ ಯಾಕೆ ಅಂದ್ರೆ, ಅದೇ ಹೆಡ್ ಲಾಸಲ್ಲಿ ಪೈಪ್ ಒಯ್ಯೋ ನೀರು ಡಯಾದ 2.63ನೇ ಘಾತದ ಮೇಲೆ ಏರತ್ತೆ, ಪೈಪಿನ ಬೆಲೆ ಸಾಮಾನ್ಯವಾಗಿ 1.2ರಿಂದ 1.5ರ ಆಸುಪಾಸಿನ ಘಾತದಲ್ಲಿ ಏರತ್ತೆ. 200 ಮಿ.ಮೀ. ಬದಲು 250 ಹಾಕಿದ್ರೆ ಸಾಮರ್ಥ್ಯ 80 ಪರ್ಸೆಂಟ್ ಹೆಚ್ಚತ್ತೆ, ಪೈಪಿನ ಬೆಲೆ ಘಾತ 1.4 ಅಂತ ಹಿಡಿದ್ರೆ 37 ಪರ್ಸೆಂಟ್. ಅಗೆಯೋದು ಮುಚ್ಚೋದು ರಸ್ತೆ ಸರಿಮಾಡೋದು ಎರಡಕ್ಕೂ ಹೆಚ್ಚು ಕಮ್ಮಿ ಅಷ್ಟೇ ಆಗೋದ್ರಿಂದ ಒಟ್ಟು ಖರ್ಚಿನ ಏರಿಕೆ ಇನ್ನೂ ಕಮ್ಮಿ. ಒಂದು ಪೈಪ್ ಬದಲು ಎರಡು ಪೈಪ್ ಜೋಡಿ ಹಾಕೋದು ಬೇರೆ ಥರದ ಖರ್ಚು. ಅದೇ ಸಾಮರ್ಥ್ಯಕ್ಕೆ ಎರಡು ಪೈಪ್ ಬೇಕಂದ್ರೆ ಪ್ರತಿಯೊಂದೂ ಮೂಲ ಡಯಾದ 77 ಪರ್ಸೆಂಟ್ ಇರ್ಬೇಕು, ಪೈಪಿನ ಬೆಲೆ ಒಟ್ಟಿಗೆ ಸುಮಾರು 40 ಪರ್ಸೆಂಟ್ ಜಾಸ್ತಿ, ಬೇರೆ ದಾರೀಲಿ ಹಾಕಿದ್ರೆ ಅಗೆಯೋ ಖರ್ಚು ಎರಡರಷ್ಟು. ಅದಕ್ಕೆ ಬದಲಾಗಿ ಒಂದು ಒಡೆದ್ರೂ ಅರ್ಧ ನೀರು ಗ್ಯಾರಂಟಿ. ಒಂದೇ ದಪ್ಪ ಪೈಪ್ ಎಷ್ಟೇ ದಪ್ಪ ಇದ್ರೂ ಒಡೆದಾಗ ಸೊನ್ನೆ. ದಪ್ಪ ಮಾಡೋದು ಬೇಡಿಕೆ ಏರಿದ್ರೆ ತಡ್ಕೊಳೋಕೆ, ದಾರಿ ಹೆಚ್ಚಿಸೋದು ಪೈಪ್ ಒಡೆದ್ರೆ ತಡ್ಕೊಳೋಕೆ, ಒಂದರ ಕೆಲಸ ಇನ್ನೊಂದು ಮಾಡಲ್ಲ.

ರೆಸಿಲಿಯೆನ್ಸ್ ಇಂಡೆಕ್ಸಿನ ತೊಂದರೆ ಇರೋದು ಇಲ್ಲೇ. ತೊಡಿನಿ 2000ದಲ್ಲಿ ಕೊಟ್ಟ ಆ ಇಂಡೆಕ್ಸ್, ನೋಡುಗಳಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಇರೋ ಪವರ್ ಎಷ್ಟು ಅಂತ ಅಳೆಯತ್ತೆ, ಒಳಗೆ ಬಂದ ಪವರಲ್ಲಿ ಕನಿಷ್ಠ ಬೇಕಾದ್ದನ್ನ ಕಳೆದು ಉಳಿಯೋದರ ಜೊತೆ ಹೋಲಿಸಿ. ಐಡಿಯಾ ಚೆನ್ನಾಗಿದೆ, ಏನಾದ್ರೂ ಒಡೆದಾಗ ನೀರು ಸುತ್ತಿ ಬರ್ಬೇಕು, ಸುತ್ತಿ ಬರೋಕೆ ಹೆಡ್ ಖರ್ಚಾಗತ್ತೆ, ಆ ಖರ್ಚಿಗೆ ಮೊದಲೇ ಸ್ವಲ್ಪ ಹೆಡ್ ಉಳಿಸಿ ಇಟ್ಟಿರ್ಬೇಕು. ಲೆಕ್ಕ ಮಾಡೋಕೂ ಸುಲಭ, ಪ್ರತಿ ಪೈಪನ್ನೂ ಒಡೆದು ನೋಡೋ ಅಗತ್ಯ ಇಲ್ಲ, ಆದ್ದರಿಂದಲೇ ಆಪ್ಟಿಮೈಸೇಷನಲ್ಲಿ ಲಕ್ಷಗಟ್ಟಲೆ ಸಲ ಕರೆಯೋಕೆ ಹೊಂದತ್ತೆ. ಆದ್ರೆ ಲೂಪೇ ಇಲ್ದ ನೆಟ್‌ವರ್ಕಿಗೆ ದಪ್ಪ ದಪ್ಪ ಪೈಪ್ ಹಾಕಿದ್ರೂ ಇದು ಒಳ್ಳೆ ನಂಬರ್ ಕೊಡತ್ತೆ! ಹೆಡ್ ಉಳಿದಿದೆ, ಬರೋ ದಾರಿ ಮಾತ್ರ ಇಲ್ಲ. ಪ್ರಸಾದ್ ಮತ್ತು ಪಾರ್ಕ್ 2004ರಲ್ಲಿ ಇದನ್ನ ತಿದ್ದಿ, ಒಂದು ನೋಡಿಗೆ ಸೇರೋ ಪೈಪುಗಳ ಡಯಾ ಒಂದಕ್ಕೊಂದು ಹತ್ತಿರ ಇದ್ರೆ ಹೆಚ್ಚು ಮಾರ್ಕು ಸಿಗೋ ಹಾಗೆ ಮಾಡಿದ್ರು. ಆಗ 16 ಇಂಚಿನ ಪಕ್ಕ 1 ಇಂಚು ಸೇರಿಸೋ ಡಿಸೈನಿಗೆ ಮಾರ್ಕು ಕಮ್ಮಿ ಆಗತ್ತೆ. ನಿಮ್ಮ ಪ್ರಾಜೆಕ್ಟಲ್ಲಿ ತೊಡಿನಿ ಇಂಡೆಕ್ಸ್ ಬದಲು ಇದನ್ನ ಹಾಕಿ, ಕೋಡಲ್ಲಿ ನಾಲ್ಕು ಸಾಲು ಬದಲಾದ್ರೆ ಆಯ್ತು. ಆದ್ರೂ ಇದು ಜರಡಿ ಮಾತ್ರ, ತೀರ್ಪು ಅಲ್ಲ.

ತೀರ್ಪಿಗೆ ಪೈಪ್ ಒಡೆದು ನೋಡ್ಲೇಬೇಕು, ಮತ್ತೆ ಅದನ್ನ ಸರಿಯಾದ ಥರದಲ್ಲಿ ಮಾಡ್ಬೇಕು. ಹಳೇ ರೀತಿಯ ಹೈಡ್ರಾಲಿಕ್ ಲೆಕ್ಕದಲ್ಲಿ ಬೇಡಿಕೆ ಗಟ್ಟಿ, ಪ್ರೆಷರ್ ಎಷ್ಟೇ ಬೀಳಲಿ ನೋಡ್ ತನ್ನ ಪಾಲಿನ ನೀರು ಎಳ್ಕೊಂಡೇ ತೀರತ್ತೆ ಅಂತ ಲೆಕ್ಕ. ಪೈಪ್ ತೆಗೆದು ಓಡಿಸಿದ್ರೆ ಮೈನಸ್ 60 ಮೀಟರ್ ಪ್ರೆಷರ್ ಥರದ ಉತ್ತರ ಬರತ್ತೆ, ಅಂಥದ್ದು ನೆಲದಲ್ಲಿ ನಡೆಯಲ್ಲ. ವ್ಯಾಗ್ನರ್, ಶಮೀರ್, ಮಾರ್ಕ್ಸ್ 1988ರಲ್ಲಿ ಕೊಟ್ಟ ಸಂಬಂಧ ಬಳಸಿ, ಪ್ರೆಷರ್ ಬಿದ್ದ ಹಾಗೆ ಸಿಗೋ ನೀರು ವರ್ಗಮೂಲದ ಪ್ರಕಾರ ಕಮ್ಮಿ ಆಗತ್ತೆ. 30 ಮೀಟರ್ ಬೇಕಾದಲ್ಲಿ 15 ಸಿಕ್ರೆ 71 ಪರ್ಸೆಂಟ್ ನೀರು, 8 ಸಿಕ್ರೆ 52 ಪರ್ಸೆಂಟ್. ನೀರಿನ ಪೈಪುಗಳ ಲೆಕ್ಕ ಮಾಡೋ ಸಾಫ್ಟ್ವೇರ್ ಎಪಾನೆಟ್, ಅದರ 2.2 ಆವೃತ್ತಿ 2020ರಲ್ಲಿ ಬಂದಾಗಿಂದ ಈ ಆಪ್ಷನ್ ಅದರ ಒಳಗೇ ಇದೆ, ಹೊರಗಿಂದ ಕೋಡ್ ತಿದ್ದೋ ಕಷ್ಟ ಇಲ್ಲ. ಇದನ್ನ ಹಾಕಿ ಮೇಲಿನ ನನ್ನ 21 ಪರ್ಸೆಂಟಿನ ಡಿಸೈನ್ ಓಡಿಸಿದ್ರೆ ಎಲ್ಲರಿಗೂ ಸಮ 60 ಪರ್ಸೆಂಟ್ ಬರಲ್ಲ, ರಿಸರ್ವಾಯರಿಗೆ ಹತ್ತಿರ ಇರೋರು, ತಗ್ಗಲ್ಲಿ ಇರೋರು ಜಾಸ್ತಿ ಎಳ್ಕೊಳ್ತಾರೆ, ಎತ್ತರದ 6ನೇ ನೋಡಿಗೆ ಕಮ್ಮಿ ಹೋಗತ್ತೆ. ಅದು ಉಪಯೋಗಕ್ಕೆ ಬರೋ ಮಾಹಿತಿ, ಆ ದಿನ ಯಾವ ವಾಲ್ವನ್ನ ಸ್ವಲ್ಪ ತಿರುಗಿಸಿ ನೀರು ಆ ಕಡೆ ತಳ್ಳಬೇಕು ಅಂತ ಮೊದಲೇ ಗೊತ್ತಾಗತ್ತೆ.

ಈಗ ವಾಲ್ವಿನ ವಿಷಯ. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ ಯಾಕಂದ್ರೆ ರಿಸರ್ಚ್ ಪೇಪರುಗಳಲ್ಲಿ ಇದಕ್ಕೆ ಸಿಗಬೇಕಾದ ಜಾಗ ಸಿಗಲ್ಲ. ಮಾಡೆಲಲ್ಲಿ ನಾವು ಒಂದು ಪೈಪ್ ಡಿಲೀಟ್ ಮಾಡ್ತೀವಿ, ನೆಲದಲ್ಲಿ ಬಂದ್ ಆಗೋದು ಪೈಪಲ್ಲ, ಸುತ್ತ ಇರೋ ವಾಲ್ವುಗಳ ಮಧ್ಯದ ತುಂಡು ಪೂರ್ತಿ. ವಾಲ್ಸ್ಕಿ 1993ರಲ್ಲೇ ಇದನ್ನ ಸ್ಪಷ್ಟವಾಗಿ ಬರೆದ್ರು, ರಿಲಯಬಿಲಿಟಿ ಲೆಕ್ಕಕ್ಕೆ ಯೂನಿಟ್ ಆಗಬೇಕಾದ್ದು ಆ ತುಂಡು ಅಂತ. ಒಂದು ಜಂಕ್ಷನಲ್ಲಿ ಮೂರು ಪೈಪ್ ಸೇರಿದ್ರೆ ಮೂರು ವಾಲ್ವ್ ಹಾಕಬಹುದು, ದುಡ್ಡು ಉಳಿಸೋಕೆ ಎರಡು ಹಾಕೋದೂ ಇದೆ. ಎರಡು ಹಾಕಿದಾಗ ವಾಲ್ವ್ ಇಲ್ದಿರೋ ಆ ಒಂದು ಪೈಪ್ ಒಡೆದ್ರೆ ಜಂಕ್ಷನ್ನೇ ಬಂದ್. ನಮ್ಮ ಉದಾಹರಣೇಲಿ 4ನೇ ನೋಡಿಗೆ 3, 4, 5ನೇ ಪೈಪ್ ಸೇರತ್ತೆ. 3ನೇ ಪೈಪಿನ ಆ ತುದೀಲಿ ವಾಲ್ವ್ ಇಲ್ಲ ಅನ್ಕೊಳ್ಳಿ, ಪೈಪ್ ಒಡೆದಾಗ 4 ಮತ್ತು 5ನೇ ಪೈಪಿನ ವಾಲ್ವ್ ಮುಚ್ಬೇಕಾಗತ್ತೆ, 4ನೇ ನೋಡ್ ಒಣಗತ್ತೆ, 4ನೇ ಪೈಪನ್ನ 10 ಇಂಚು ಮಾಡೋಕೆ ಹಾಕಿದ 21,000 ಆ ದಿನ ಯಾವ ಕೆಲಸಕ್ಕೂ ಬರಲ್ಲ. ಸಾವಿರಾರು ಖರ್ಚು ಮಾಡಿದ ಲೂಪಿನ ಪ್ರಯೋಜನ ಒಂದು ವಾಲ್ವ್ ಇದೆಯಾ ಇಲ್ವಾ ಅನ್ನೋದ್ರ ಮೇಲೆ ನಿಂತಿದೆ. ವಾಲ್ವ್ ಇದ್ರೂ ವರ್ಷಗಟ್ಟಲೆ ತಿರುಗಿಸದೆ ಜಾಮ್ ಆಗಿದ್ರೆ, ಅಥವಾ ರಸ್ತೆ ಡಾಂಬರ್ ಕೆಳಗೆ ಸೇರಿ ಎಲ್ಲಿದೆ ಅಂತಾನೇ ಸಿಗದಿದ್ರೆ, ಇಲ್ಲ ಅಂತಾನೇ ಲೆಕ್ಕ, ಮುಂದಿನ ವಾಲ್ವಿಗೆ ಹೋಗ್ಬೇಕು, ತುಂಡು ಇನ್ನೂ ದೊಡ್ಡದಾಗತ್ತೆ.

ರಿಪೇರಿ ಟೈಮೂ ಹಾಗೇ. ಒಂದು ಊಹೆ ಮಾಡ್ಕೊಳ್ಳೋಣ, ಕಿಲೋಮೀಟರಿಗೆ ವರ್ಷಕ್ಕೆ 0.2 ಸಲ ಪೈಪ್ ಒಡೆಯತ್ತೆ, ರಿಪೇರಿಗೆ 12 ಗಂಟೆ. ಕನಿಷ್ಠ ಖರ್ಚಿನ ಡಿಸೈನಲ್ಲಿ 3ನೇ ಪೈಪಿಂದ ತಪ್ಪೋ ನೀರು ವರ್ಷಕ್ಕೆ ಸರಾಸರಿ 0.2 ಗುಣಿಸು 12 ಗುಣಿಸು 650, ಅಂದ್ರೆ 1560 ಘನ ಮೀಟರ್. 21 ಪರ್ಸೆಂಟ್ ಹೆಚ್ಚು ಖರ್ಚಿನ ಡಿಸೈನಲ್ಲಿ ಎಲ್ಲರಿಗೂ 40 ಪರ್ಸೆಂಟ್ ಕೊರತೆ, 448 ಘನ ಮೀಟರ್ ಗಂಟೆಗೆ, ವರ್ಷಕ್ಕೆ ಸುಮಾರು 1075. ಮೊದಲಿನ ಡಿಸೈನೇ ಇಟ್ಕೊಂಡು ರಿಪೇರಿ 12 ಗಂಟೆಯಿಂದ 4 ಗಂಟೆಗೆ ಇಳಿಸಿದ್ರೆ 520! ಒಂದು ಇಂಚು ಪೈಪೂ ಹಾಕ್ದೆ ಕೊರತೆ ಮೂರನೇ ಒಂದಕ್ಕೆ ಬಂತು. ಸ್ಟೋರಲ್ಲಿ ಕಪ್ಲಿಂಗ್ ಇರೋದು, ಒಡೆದ ಜಾಗ ಬೇಗ ಗೊತ್ತಾಗೋದು, ರಾತ್ರಿನೂ ಬರೋ ಗ್ಯಾಂಗ್ ಇರೋದು, ಇವೆಲ್ಲ ಡಿಸೈನಿನ ಭಾಗ ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ಡಿಸೈನ್ ಮಾಡೋರು ಅದು ಮೇಂಟೆನೆನ್ಸ್ ಅವರ ಕೆಲಸ ಅಂತ ಬಿಟ್ಟು ಆ ಕೊರತೆಯನ್ನ ಪೈಪಿನ ಡಯಾದಲ್ಲಿ ತುಂಬಿಸೋಕೆ ಹೋಗ್ತಾರೆ, ಅದು ದುಬಾರಿ ದಾರಿ.

ಆದ್ರೆ ಮೇಲಿನ ಲೆಕ್ಕದಲ್ಲೇ ಇನ್ನೊಂದು ವಿಷಯ ಇದೆ, ಸರಾಸರಿ ಮಾತ್ರ ನೋಡಿದ್ರೆ ತಪ್ಪಿ ಹೋಗತ್ತೆ. 1560ರಿಂದ 1075ಕ್ಕೆ ಇಳಿಯೋಕೆ 87,000 ಕೊಟ್ಟಿದ್ದು ದಂಡ ಅನ್ಸತ್ತೆ. ಆದ್ರೆ ಮೊದಲನೇದರಲ್ಲಿ 58 ಪರ್ಸೆಂಟ್ ಬೇಡಿಕೆ ಇರೋ ಏರಿಯಾಗೆ ಹೆಚ್ಚು ಕಮ್ಮಿ ಸೊನ್ನೆ ನೀರು, ಎರಡನೇದರಲ್ಲಿ ಯಾರಿಗೂ ಸೊನ್ನೆ ಇಲ್ಲ. 6ನೇ ನೋಡಲ್ಲಿ ಆಸ್ಪತ್ರೆ ಇದ್ರೆ ಈ ಎರಡು ಡಿಸೈನ್ ಒಂದೇ ಅಲ್ಲವೇ ಅಲ್ಲ. ಪ್ರೆಷರ್ ಪೂರ್ತಿ ಹೋದ ಪೈಪಿಗೆ ಸುತ್ತಲಿನ ಕೊಳೆ ನೀರು ಜಾಯಿಂಟಿಂದ ಒಳಗೆ ಬರೋ ಅಪಾಯಾನೂ ಇದೆ, ಕಮ್ಮಿ ಪ್ರೆಷರ್ ಆದ್ರೂ ಇದ್ದಷ್ಟು ಹೊತ್ತು ಆ ಅಪಾಯ ತುಂಬಾ ಕಮ್ಮಿ. ಹಾಗಾಗಿ ಎರಡು ನಂಬರ್ ಬೇರೆ ಬೇರೆ ಇಟ್ಕೊಳ್ಳಿ, ವರ್ಷಕ್ಕೆ ಒಟ್ಟು ಎಷ್ಟು ನೀರು ತಪ್ಪತ್ತೆ ಅನ್ನೋದು ಒಂದು, ಅತ್ಯಂತ ಕೆಟ್ಟ ಒಡಕಲ್ಲಿ ಅತ್ಯಂತ ಕಷ್ಟದಲ್ಲಿರೋ ನೋಡಿಗೆ ಎಷ್ಟು ಸಿಗತ್ತೆ ಅನ್ನೋದು ಇನ್ನೊಂದು. ಎರಡನ್ನೂ ಕೂಡಿಸಿ ಒಂದೇ ಇಂಡೆಕ್ಸ್ ಮಾಡ್ಬೇಡಿ, ಕೂಡಿಸಿದ ತಕ್ಷಣ ಆಸ್ಪತ್ರೆ ಮಾಯ ಆಗತ್ತೆ.

1ನೇ ಪೈಪ್ ಒಡೆದ್ರೆ ಏನು ಅಂತ ನಾವು ನೋಡಲೇ ಇಲ್ಲ, ಗಮನಿಸಿದ್ರಾ? ಅದು ಒಡೆದ್ರೆ ಹಿಂದೆ ಎಷ್ಟು ಲೂಪ್ ಇದ್ರೂ ಊರೇ ಬಂದ್. ಪಂಪಿಂದ ಬರೋ ನೀರಾದ್ರೆ ಕರೆಂಟ್ ಹೋದ್ರೂ ಅದೇ ಕಥೆ. ಈ ಜಾಗದಲ್ಲಿ ಪೈಪ್ ಜೋಡಿ ಮಾಡೋದಕ್ಕೂ ಮೊದಲು ಟ್ಯಾಂಕ್ ಬಗ್ಗೆ ಯೋಚನೆ ಮಾಡಿ. ಬೇಡಿಕೆ ಇರೋ ಕಡೆ, ಅಂದ್ರೆ ಒಡೆಯಬಹುದಾದ ಪೈಪಿನ ಆಚೆ ಬದೀಲಿ, ರಿಪೇರಿ ಮುಗಿಯೋ ತನಕ ಸಾಲೋವಷ್ಟು ನೀರಿದ್ರೆ ಒಡೆದಿದ್ದು ಜನಕ್ಕೆ ಗೊತ್ತೇ ಆಗಲ್ಲ. 4, 6, 7ನೇ ನೋಡಿಗೆ 4 ಗಂಟೆಗೆ ಬೇಕಾಗೋದು 2600 ಘನ ಮೀಟರ್, 12 ಗಂಟೆಗೆ 7800. ರಿಪೇರಿ ಬೇಗ ಆದಷ್ಟೂ ಟ್ಯಾಂಕ್ ಚಿಕ್ಕದು ಸಾಕು, ಎರಡೂ ಒಂದಕ್ಕೊಂದು ಕೈ ಜೋಡಿಸತ್ತೆ. ಮತ್ತೆ ಎರಡು ಪೈಪ್ ಹಾಕೋದೇ ಆದ್ರೆ ಒಂದೇ ಗುಂಡೀಲಿ ಹಾಕ್ಬೇಡಿ. ಒಂದು ಪೈಪ್ ವರ್ಷಕ್ಕೆ 12 ಗಂಟೆ ಬಂದ್ ಇದ್ರೆ, ಅಂಥ ಎರಡು ಪೈಪ್ ಒಟ್ಟಿಗೆ ಬಂದ್ ಆಗೋದು ಲೆಕ್ಕದಲ್ಲಿ ವರ್ಷಕ್ಕೆ ಒಂದು ನಿಮಿಷ. ಆ ಒಂದು ನಿಮಿಷ ನಿಜ ಆಗ್ಬೇಕಂದ್ರೆ ಒಂದು ಒಡೆದದ್ದಕ್ಕೂ ಇನ್ನೊಂದು ಒಡೆಯೋದಕ್ಕೂ ಸಂಬಂಧ ಇರಬಾರದು. ಒಂದೇ ಗುಂಡಿ, ಒಂದೇ ಸೇತುವೆ, ಒಂದೇ ಜೆಸಿಬಿ ಅಂದ್ರೆ ಸಂಬಂಧ ಇದ್ದೇ ಇದೆ.

ಹಾಗಾದ್ರೆ ಬಜೆಟ್ ಇದ್ರೆ ಎಲ್ಲವನ್ನೂ ದಪ್ಪ ಹಾಕ್ಬಿಡೋಣ ಅಂದ್ರೆ ಅದೂ ಬೇಡ. ಡಯಾ ಎರಡು ಪಟ್ಟು ಆದ್ರೆ ಒಳಗಿನ ನೀರು ನಾಲ್ಕು ಪಟ್ಟು, ಅದೇ ಬೇಡಿಕೆಗೆ ನೀರು ಪೈಪಲ್ಲಿ ನಾಲ್ಕು ಪಟ್ಟು ಹೊತ್ತು ನಿಲ್ಲತ್ತೆ, ಕ್ಲೋರಿನ್ ಕರಗ್ತಾ ಹೋಗತ್ತೆ, ವೇಗ ಇಲ್ದೆ ಕೆಸರು ಕೂರತ್ತೆ. ಉಳಿಸಿಟ್ಟ ಹೆಡ್ಡೂ ಪುಕ್ಕಟೆ ಅಲ್ಲ, ಪ್ರೆಷರ್ ಏರಿದ್ರೆ ಲೀಕೇಜ್ ಏರತ್ತೆ, ಪೈಪಿನ ಜಾತಿ ನೋಡ್ಕೊಂಡು ಪ್ರೆಷರಿನ 0.5ರಿಂದ 1.5ನೇ ಘಾತದ ತನಕ ಅಂತ ಸಾಮಾನ್ಯವಾಗಿ ಹಿಡೀತಾರೆ, ಪೈಪ್ ಒಡೆಯೋದೂ ಹೆಚ್ಚತ್ತೆ. ರೆಸಿಲಿಯೆನ್ಸ್ ಇಂಡೆಕ್ಸ್ ಯಾವುದನ್ನ ಒಳ್ಳೇದು ಅಂತ ಎಣಿಸತ್ತೋ ಅದೇ ದಿನಾ ನೀರು ಸೋರಿಸ್ತಿರತ್ತೆ, ಪಂಪ್ ಇದ್ರೆ ಕರೆಂಟ್ ಬಿಲ್ಲೂ ಸೇರತ್ತೆ. ಖರ್ಚು ಅಂದಾಗ ಪೈಪ್ ಹಾಕೋ ಖರ್ಚು ಮಾತ್ರ ನೋಡದೆ, ಅದರ ಆಯಸ್ಸಿನ ಪಂಪಿಂಗ್, ಲೀಕೇಜ್, ರಿಪೇರಿ ಸೇರಿಸಿ ಇವತ್ತಿನ ಬೆಲೆಗೆ ತಂದು ನೋಡಿ. ಪೈಪ್ ಹಳೇದಾಗಿ ಸಿ ವ್ಯಾಲ್ಯೂ 130ರಿಂದ 100ಕ್ಕೆ ಬಂದ್ರೆ ಹೆಡ್ ಲಾಸ್ 63 ಪರ್ಸೆಂಟ್ ಜಾಸ್ತಿ ಆಗತ್ತೆ, ಅದಕ್ಕೆ ಸ್ವಲ್ಪ ಡಯಾ ಉಳಿಸ್ಕೊಳ್ಳೋದು ಸರಿ. 30 ವರ್ಷದ ನಂತರದ ಜನಸಂಖ್ಯೆಗೆ ಇವತ್ತೇ ಎಲ್ಲ ಪೈಪ್ ಹಾಕೋದರ ಬದಲು, ಮುಂದೆ ಸೇರಿಸೋಕೆ ಜಾಗ, ಟೀ ಮತ್ತು ವಾಲ್ವ್ ಬಿಟ್ಟಿರೋದು ಎಷ್ಟೋ ಸಲ ಅಗ್ಗ.

ಇಷ್ಟು ಹೇಳಿ ನಿಮ್ಮ ಕರ್ವಿಗೆ ಬರ್ತೀನಿ. ಇಂಡೆಕ್ಸ್ ಬದಲಾಯಿಸಿ ಇನ್ನೊಂದ್ಸಲ ಓಡಿಸಿ, ಖರ್ಚಿನ ಉದ್ದಕ್ಕೂ ಅಲ್ಲಲ್ಲಿ ಹತ್ತೋ ಹನ್ನೆರಡೋ ಡಿಸೈನ್ ತೆಗೀರಿ. ಕರ್ವ್ ಬಾಗೋ ಜಾಗದ ಸುತ್ತ ಜಾಸ್ತಿ ತೆಗೀರಿ, ಆದ್ರೆ ಬಾಗಿದೆ ಅನ್ನೋ ಒಂದೇ ಕಾರಣಕ್ಕೆ ಅದನ್ನ ಆರಿಸ್ಬೇಡಿ, ಅಕ್ಷದ ಸ್ಕೇಲ್ ಬದಲಾಯಿಸಿದ್ರೆ ಆ ಬಾಗು ಜಾಗ ಬದಲಿಸಿದ ಹಾಗೆ ಕಾಣತ್ತೆ. ಪ್ರತಿ ಡಿಸೈನಲ್ಲೂ ವಾಲ್ವ್ ಎಲ್ಲೆಲ್ಲಿ ಅಂತ ಗುರುತು ಹಾಕಿ, ಒಂದೊಂದೇ ತುಂಡು ಬಂದ್ ಮಾಡಿ, ಪ್ರೆಷರ್ ನೋಡ್ಕೊಂಡು ನೀರು ಕೊಡೋ ಮೋಡಲ್ಲಿ ಎಪಾನೆಟ್ ಓಡಿಸಿ. ಹತ್ತು ಡಿಸೈನ್, ಐವತ್ತು ತುಂಡು ಅಂದ್ರೂ ಐನೂರು ರನ್, ಈಗಿನ ಲ್ಯಾಪ್‌ಟಾಪಿಗೆ ಅದು ಏನೂ ಅಲ್ಲ, ಎಲ್ಲವನ್ನೂ ಕೈಯಲ್ಲಿ ಮಾಡೋ ಬದಲು ಪೈಥಾನಲ್ಲಿ ಸ್ಕ್ರಿಪ್ಟ್ ಬರೀರಿ. ಆಮೇಲೆ ಪ್ರತಿ ಡಿಸೈನಿಗೆ ಮೂರು ಅಂಕಣ: ಆಯಸ್ಸಿನ ಒಟ್ಟು ಖರ್ಚು, ವರ್ಷಕ್ಕೆ ಸರಾಸರಿ ತಪ್ಪೋ ನೀರು, ಕೆಟ್ಟ ತುಂಡು ಬಂದ್ ಆದಾಗ ಕೆಟ್ಟ ನೋಡಿಗೆ ಸಿಗೋ ಪರ್ಸೆಂಟ್. ಒಡಕಿನ ರೇಟು ರಿಪೇರಿ ಟೈಮು ಖಚಿತ ಗೊತ್ತಿಲ್ಲ ಅಂದ್ರೆ ಎರಡು ಮೂರು ಬೆಲೆ ಹಾಕಿ ನೋಡಿ, ಡಿಸೈನುಗಳ ಕ್ರಮ ಬದಲಾಗ್ದೆ ಇದ್ರೆ ಆ ಬಗ್ಗೆ ತಲೆ ಕೆಡಿಸ್ಕೊಳ್ಳೋದು ಬೇಡ.

ಟೇಬಲ್ ಕೈಗೆ ಬಂದ ಮೇಲೆ ಕನಿಷ್ಠ ಸೇವೆಯ ಗೆರೆ ಎಳೀರಿ, ಉದಾಹರಣೆಗೆ ಯಾವುದೇ ಒಂದು ತುಂಡು ಬಂದ್ ಆದ್ರೂ ಯಾವ ನೋಡಿಗೂ 50 ಪರ್ಸೆಂಟಿಗಿಂತ ಕಮ್ಮಿ ಬೇಡ, ಆಸ್ಪತ್ರೆ ಇರೋ ನೋಡಿಗೆ 80 ಬೇಕು ಅಂತ. ಗೆರೆ ದಾಟಿದ ಡಿಸೈನುಗಳಲ್ಲಿ ಅಗ್ಗದ್ದು ಯಾವುದೋ ಅದನ್ನ ತಗೊಳ್ಳಿ. ಯಾವುದೂ ದಾಟದಿದ್ರೆ ತಕ್ಷಣ ಡಯಾ ಏರಿಸ್ಬೇಡಿ, ಯಾವ ತುಂಡಿಂದ ಫೇಲ್ ಆಗ್ತಿದೆ ನೋಡಿ, ಅಲ್ಲಿ ಒಂದು ವಾಲ್ವ್ ಸೇರಿಸಿದ್ರೆ ಸಾಕಾ, ಆ ಒಂದು ದಾರಿಯಲ್ಲಿ ಎರಡು ಪೈಪ್ ದಪ್ಪ ಮಾಡಿದ್ರೆ ಸಾಕಾ, ಟ್ಯಾಂಕ್ ಬೇಕಾ ಅಂತ ಆ ಕ್ರಮದಲ್ಲಿ ಪ್ರಯತ್ನಿಸಿ, ಪ್ರತಿ ಸಲ ಖರ್ಚು ಎಷ್ಟು ಏರಿತು ಅಂತ ಪಕ್ಕದಲ್ಲಿ ಬರೀತಾ ಹೋಗಿ. ಗೆರೆ 50ರಲ್ಲಿ ಇರ್ಬೇಕಾ 70ರಲ್ಲಾ ಅನ್ನೋದನ್ನ ನೀವೊಬ್ಬರೇ ತೀರ್ಮಾನ ಮಾಡೋ ಹಾಗಿಲ್ಲ, ಅದು ನೀರು ಕುಡಿಯೋರು ಮತ್ತು ದುಡ್ಡು ಕೊಡೋರು ಮಾಡೋ ತೀರ್ಮಾನ. ನಿಮ್ಮ ರಿಪೋರ್ಟಲ್ಲಿ 40, 50, 60, 70 ಪರ್ಸೆಂಟ್ ಗೆರೆಗಳಿಗೆ ತಲಾ ಅಗ್ಗದ ಡಿಸೈನ್ ಯಾವುದು, ಒಂದು ಗೆರೆಯಿಂದ ಮುಂದಿನ ಗೆರೆಗೆ ಎಷ್ಟು ಹೆಚ್ಚು ಕೊಡ್ಬೇಕು ಅಂತ ತೋರಿಸಿ. ಗೈಡ್ ರಿಲಯಬಿಲಿಟಿ ಎಲ್ಲಿದೆ ಅಂತ ಮತ್ತೆ ಕೇಳಿದ್ರೆ ಆ ಪುಟ ತೆಗೆದು ಮುಂದಿಡಿ.